ಸಹಿ ಹಾಕಲ್ಲ ಅಂದೆ

ಇವತ್ತು ಬೆಳಗ್ಗೆ ಸ್ಲ್ಯಾಬ್ ಕಾಂಕ್ರೀಟಿಗೆ ರೆಡಿ ಕಲಸಿದ ಕಾಂಕ್ರೀಟ್ ತರೋ ಆರ್‌ಎಂಸಿ ಗಾಡಿ ಬರೋ ಹೊತ್ತಿಗೆ ಸರಿಯಾಗಿ ಒಬ್ಬರು ಮಗನ್ನ ಕರ್ಕೊಂಡು ಸೈಟಿಗೆ ಬಂದ್ರು. ಹುಡುಗ ಡಿಪ್ಲೊಮಾ ಸಿವಿಲ್, ಕೊನೇ ಸೆಮಿಸ್ಟರು, ನಾಲ್ಕು ತಿಂಗಳು ಸೈಟಲ್ಲಿ ಕೆಲಸ ಕಲೀಬೇಕು. ಕೈಲಿದ್ದ ಪ್ಲಾಸ್ಟಿಕ್ ಕವರಿಂದ ಲಾಗ್ ಬುಕ್, ಅಂದ್ರೆ ಸೈಟಲ್ಲಿ ಏನು ಕೆಲಸ ಕಲಿತೆ ಅಂತ ಬರೆದು ನಮ್ಮ ಸಹಿ ಹಾಕಿಸ್ಕೊಳೋ ಪುಸ್ತಕ, ತೆಗೆದು ಕೊಟ್ಟ. ನೋಡಿದ್ರೆ ನಾಲ್ಕು ತಿಂಗಳದ್ದೂ ಆಗ್ಲೇ ಬರೆದು ತುಂಬಿಸಿದಾರೆ. "ಸಾರ್, ಅವನನ್ನ ಕೋಚಿಂಗಿಗೆ ಸೇರ್ಸಿದೀನಿ, ದಿನಾ ಬರೋಕಾಗಲ್ಲ, ನೀವು ಸಹಿ ಮಾಡಿ ಸೀಲ್ ಹೊಡೆದು ಕೊಟ್ಬಿಡಿ, ಏನಾಗುತ್ತೋ ಕೊಡ್ತೀನಿ" ಅಂದ್ರು. ಈ ವಾರದ ಪುಟದಲ್ಲಿ ಪಾಯ ಅಗೆತ ಅಂತ ಬರ್ದಿತ್ತು. ನಾವು ನಿಂತಿದ್ದು ಮೂರನೇ ಫ್ಲೋರ್ ಸ್ಲ್ಯಾಬ್ ಕೆಳಗೆ.

ಸಹಿ ಹಾಕಲ್ಲ ಯಜಮಾನ್ರೆ, ಹುಡುಗನ್ನ ಕಳಿಸಿ, ಕೆಲಸ ಕಲಿಸ್ತೀನಿ ಅಂದೆ. ಅವರಿಗೆ ಸಿಟ್ಟು ಬಂತು. ಬೇರೆ ಕಡೆ ಹಾಕ್ಕೊಡ್ತಾರೆ ಬಿಡಿ ಅಂದ್ರು. ಹಾಕ್ಕೊಡ್ತಾರೆ, ನನಗೂ ಗೊತ್ತು. ಅದಕ್ಕೇ ಬೆಳಗ್ಗೆಯಿಂದ ಹೊಟ್ಟೆ ಉರೀತಿದೆ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಹೋದ ವರ್ಷ ಇಂಥದ್ದೇ ಒಂದು ಸಹಿ ನಾನೂ ಹಾಕಿದೀನಿ. ನೆಂಟರ ಕಡೆ ಹುಡುಗ, ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಪಾಸಾಗಿ ಎಲ್ಲೋ ಸೈಟ್ ಎಂಜಿನಿಯರ್ ಅಂತ ಸೇರ್ಕೊಂಡ. ಮೊನ್ನೆ ದೀಪಾವಳಿ ಆದ್ಮೇಲೆ ಒಂದು ಸಂಜೆ ಬಾಲ್ಕನಿ ರಾಡ್ ಕಟ್ಟಿದ್ದ ಫೋಟೋ ವಾಟ್ಸಾಪಲ್ಲಿ ಕಳಿಸಿ, "ಅಣ್ಣಾ, ಸ್ಪೇಸಿಂಗ್ ಸರಿ ಇದ್ಯಾ, ನಾಳೆ ಕಾಂಕ್ರೀಟ್" ಅಂತ ಕೇಳ್ದ. ಸ್ಪೇಸಿಂಗ್ ಚೆನ್ನಾಗೇ ಇತ್ತು. ಆದ್ರೆ ಮೇನ್ ರಾಡೆಲ್ಲ ಕೆಳಗಡೆ, ತಳದಲ್ಲಿಡೋ ಸಣ್ಣ ಕವರ್ ಬ್ಲಾಕ್ ಬಿಲ್ಲೆಗಳ ಮೇಲೆ ಮಲಗಿತ್ತು! ಬಾಲ್ಕನಿ ಒಂದೇ ಕಡೆ ಹಿಡ್ಕೊಂಡು ಹೊರಗೆ ಚಾಚಿರೋದು, ಭಾರ ಬಿದ್ದಾಗ ಎಳೆತ ಬರೋದು ಮೇಲ್ಭಾಗಕ್ಕೆ, ಕಾಂಕ್ರೀಟ್ ಒತ್ತಡ ತಡ್ಕೊಳುತ್ತೆ ಎಳೆತ ತಡ್ಕೊಳಲ್ಲ, ಹಾಗಾಗಿ ಮೇನ್ ರಾಡ್ ಮೇಲೇ ಇರ್ಬೇಕು, ಕಾಂಕ್ರೀಟ್ ಹಾಕೋವಾಗ ಜನ ತುಳಿದು ರಾಡ್ ಕೆಳಗೆ ಇಳೀಬಾರ್ದು ಅಂತ ಅದರಡಿ ಚೇರ್, ಅಂದ್ರೆ ರಾಡ್ ಬಗ್ಗಿಸಿ ಮಾಡಿದ ಆಸರೆ, ಕೊಡೋದು. ಆ ಹುಡುಗ ಇದನ್ನ ಎಕ್ಸಾಮಲ್ಲಿ ಬರ್ದಿದಾನೆ, ಮಾರ್ಕ್ಸೂ ಬಂದಿದೆ. ಕಟ್ಟಿರೋ ರಾಡ್ ಮುಂದೆ ನಿಂತಾಗ ಕಾಣ್ಲಿಲ್ಲ. ಫೋನ್ ಮಾಡಿ ಎಲ್ಲ ಬಿಚ್ಚಿಸ್ದೆ. ಅವತ್ತು ರಾತ್ರಿ ನನಗೆ ನಿದ್ದೆ ಬರ್ಲಿಲ್ಲ. ಅವನು ಫೋಟೋ ಕಳಿಸದೇ ಇದ್ದಿದ್ರೆ? ಆ ಬಾಲ್ಕನಿ, ಕೆಳಗೆ ಆಸರೆಗೆ ಕಟ್ಟಿದ ಶೀಟ್ ಬಿಚ್ಚಿದ ದಿನವೇ ಬೀಳ್ತಿತ್ತೋ, ಯಾರದೋ ಗೃಹಪ್ರವೇಶದ ದಿನ ಹತ್ತು ಜನ ನಿಂತಾಗ ಬೀಳ್ತಿತ್ತೋ. ಅವನ ಲಾಗ್ ಬುಕ್ಕಲ್ಲಿ "ರಾಡ್ ಕೆಲಸ ಪರಿಶೀಲನೆ" ಅಂತ ಇರೋ ಪುಟದ ಕೆಳಗೆ ನನ್ನ ಸಹಿ ಇದೆ.

ನಾನು ಡಿಪ್ಲೊಮಾ ಮುಗಿಸಿ ಒಂದು ವರ್ಷ ಓವರ್‌ಹೆಡ್ ಟ್ಯಾಂಕ್ ಕೆಲಸದಲ್ಲಿ ಅಪ್ರೆಂಟಿಸ್ ಆಗಿದ್ದವನು, ಹಳೇ ಫ್ರೆಂಡ್ಸಿಗೆ ಗೊತ್ತು. ಮೊದಲ ತಿಂಗಳು ಪೂರ್ತಿ ಸ್ಟಾಫ್ ಅನ್ನೋ ಉದ್ದದ ಅಳತೆಪಟ್ಟಿ ಹಿಡ್ಕೊಂಡು ನಿಂತಿದ್ದೆ, ಅದನ್ನ ನೋಡಿ ಮಟ್ಟ ಅಳೆಯೋ ಆಟೋ ಲೆವೆಲ್ ಮುಟ್ಟೋಕೆ ಬಿಟ್ಟಿದ್ದು ಎರಡನೇ ತಿಂಗಳಲ್ಲಿ. ಬಾರ್ ಬೆಂಡಿಂಗ್ ಮೇಸ್ತ್ರಿ, ಓದು ಬರಹ ಅಷ್ಟಕ್ಕಷ್ಟೆ, ನನ್ನ ಕೈ ಹಿಡಿದು ರಾಡ್ ಮೇಲಿಟ್ಟು "ಎಲ್ಲಿ ಎಳೆಯುತ್ತೋ ಅಲ್ಲಿ ಕಬ್ಬಿಣ ಇರ್ಬೇಕು ಸಾಮಿ" ಅಂದಿದ್ದು ಇನ್ನೂ ಕಿವೀಲಿದೆ. ಗಾಡಿ ಬಂದಾಗ ಕಾಂಕ್ರೀಟ್ ಎಷ್ಟು ತೆಳ್ಳಗಿದೆ ಅಂತ ನೋಡೋ ಸ್ಲಂಪ್ ಕೋನ್ ಇಟ್ಟು, 300 ಎಂಎಂ ಎತ್ತರದ್ದು, ಪದರ ಪದರವಾಗಿ ತುಂಬಿ ಒಂದೊಂದು ಪದರಕ್ಕೂ 25 ಸಲ ರಾಡಲ್ಲಿ ಕುಟ್ಟಿ, ಕೋನ್ ಎತ್ತಿ ಎಷ್ಟು ಕುಸೀತು ಅಂತ ಅಳೀತಿದ್ದೆ. ಅಳೆಯೋದು ಯಾರಾದ್ರೂ ಒಂದು ಗಂಟೇಲಿ ಕಲೀತಾರೆ. ಪಕ್ಕದಲ್ಲಿ ಡ್ರೈವರ್ರು "ಗಟ್ಟಿಯಾಗಿದೆ, ಎರಡು ಬಕೆಟ್ ನೀರು ಬಿಡ್ಲಾ" ಅಂದಾಗ, ಕೆಲಸದವರೆಲ್ಲ ಹೂಂ ಅಂತಿರೋವಾಗ, ಇಪ್ಪತ್ತು ವರ್ಷದ ಹುಡುಗ ಒಬ್ಬನೇ ಬೇಡ, ನೀರು ಜಾಸ್ತಿ ಆದ್ರೆ ಬಲ ಹೋಗುತ್ತೆ ಅನ್ನೋದು ಇದೆಯಲ್ಲ, ಅದಕ್ಕೆ ನನಗೆ ಆರು ತಿಂಗಳು ಬೇಕಾಯ್ತು.

ದುಡ್ಡಿಲ್ದೆ ಬಿಟ್ಟಿ ಯಾರು ದುಡೀತಾರೆ ಅಂತ ಕೇಳ್ತೀರ. ಆ ಮಾತು ನಿಜ, ಬಿಟ್ಟಿ ದುಡಿಸ್ಕೊಳೋರು, ಹುಡುಗರನ್ನ ಜೆರಾಕ್ಸಿಗೂ ಟೀಗೂ ಓಡಿಸೋರು ನಮ್ಮಲ್ಲಿ ಬೇಕಾದಷ್ಟು ಇದಾರೆ, ಅವರ ಮೇಲೂ ನನಗೆ ಅಷ್ಟೇ ಕೋಪ. ಆದ್ರೆ ಪಾಸಾದ್ಮೇಲೆ ಒಂದು ವರ್ಷದ ಅಪ್ರೆಂಟಿಸ್‌ಶಿಪ್ಪಿಗೆ ಕಾನೂನೇ ಇದೆ. 1961ರ ಅಪ್ರೆಂಟಿಸ್ ಕಾಯ್ದೆಗೆ 1973ರಲ್ಲೇ ಡಿಪ್ಲೊಮಾ, ಡಿಗ್ರಿಯವರನ್ನೂ ಸೇರ್ಸಿದಾರೆ. 2019ರ ನಿಯಮದಲ್ಲಿ ಡಿಪ್ಲೊಮಾದವರಿಗೆ ತಿಂಗಳಿಗೆ ಕನಿಷ್ಠ 8,000, ಡಿಗ್ರಿಯವರಿಗೆ 9,000 ರೂಪಾಯಿ ಸ್ಟೈಪೆಂಡ್ ಅಂತ ಮಾಡಿದ್ರು, ಕೇಂದ್ರದ ಅಪ್ರೆಂಟಿಸ್ ತರಬೇತಿ ಯೋಜನೆಯ ನ್ಯಾಟ್ಸ್ ಪೋರ್ಟಲ್ಲಲ್ಲಿ ರಿಜಿಸ್ಟರ್ ಮಾಡ್ಕೊಂಡ್ರೆ ಆ ಕನಿಷ್ಠದಲ್ಲಿ ಅರ್ಧ ಕೇಂದ್ರ ಸರ್ಕಾರ ಕೊಡುತ್ತೆ. 30 ಜನಕ್ಕಿಂತ ಕಡಿಮೆ ಇರೋ ಸಣ್ಣ ಕಂಟ್ರ್ಯಾಕ್ಟರ್ ಕೂಡ ಮನಸ್ಸಿದ್ರೆ ತಗೋಬಹುದು, ನಾಲ್ಕು ಜನ ಇದ್ರೂ ಸಾಕು. ಫಾರಂ ತುಂಬೋಕೆ ಸೋಮಾರಿತನ ಅಷ್ಟೇ.

ಇನ್ನು ಕೋಚಿಂಗ್. ಪರೀಕ್ಷೆ ಬರೆದು ಸರ್ಕಾರಿ ಜೂನಿಯರ್ ಎಂಜಿನಿಯರ್, ಜೆಇ ಆಗ್ಲಿ, ಬೇಡ ಅಂದೋರು ಯಾರು. ನಾಳೆ ಅದೇ ಹುಡುಗ ಜೆಇ ಆಗಿ ಬಂದು ಕಂಟ್ರ್ಯಾಕ್ಟರ್ ಹಾಕಿದ ಸೇತುವೆ ನೋಡಿ ಬಿಲ್ ಪಾಸ್ ಮಾಡ್ಬೇಕು. ಅವನಿಗೆ ರಾಡ್ ಮೇಲಿದ್ಯಾ ಕೆಳಗಿದ್ಯಾ ಕಾಣ್ಬೇಕಲ್ವಾ? ಸಹಿ ಹಾಕಿ ಕಳಿಸೋ ನಾವು, ಕಣ್ಮುಚ್ಚಿ ಫೈಲಿಗೆ ಸೇರಿಸೋ ಕಾಲೇಜು, ಎಲ್ಲರೂ ಸೇರಿ ಆ ಹುಡುಗನ ಕಲಿಯೋ ನಾಲ್ಕು ತಿಂಗಳು ಕಿತ್ಕೋತಿದೀವಿ.

ಅವರಪ್ಪ ಬೈಕ್ ಸ್ಟಾರ್ಟ್ ಮಾಡೋವಾಗ ಹುಡುಗ ಮಾತ್ರ ಮೆಲ್ಲಗೆ, "ಸಾರ್, ಬೆಳಗ್ಗೆ ಎಷ್ಟೊತ್ತಿಗೆ ಶುರು ಮಾಡ್ತೀರ" ಅಂತ ಕೇಳ್ದ. ಏಳೂವರೆ ಅಂದೆ.

ಬರ್ತಾನೋ ಇಲ್ವೋ. ನಮ್ಮ ಸೈಟಲ್ಲಿ ಇಬ್ಬರಿಗೆ ಜಾಗ ಇದೆ, ಓನರ್ ಹತ್ರ ಮಾತಾಡಿದೀನಿ, ಬಸ್ ಚಾರ್ಜು ಮಧ್ಯಾಹ್ನದ ಊಟ ಕೊಡ್ತಾರೆ, ಹೆಲ್ಮೆಟ್ ನಾನು ಕೊಡ್ತೀನಿ. ನಿಮ್ಮ ಮನೇಲಿ ಕೊನೇ ಸೆಮಿಸ್ಟರ್ ಸಿವಿಲ್ ಹುಡುಗ ಹುಡುಗಿ ಯಾರಾದ್ರೂ ಇದ್ರೆ ಶೂ ಹಾಕ್ಕೊಂಡು, ಲಾಗ್ ಬುಕ್ ಖಾಲಿ ತಗೊಂಡು ಬರೋಕೆ ಹೇಳಿ.