ಸಂದಿ ನೋಡುವ ಚಟ

ಬೆಣ್ಣೆದೋಸೆಗೆ ಕಾಯುವಾಗ ಮನುಷ್ಯ ಏನನ್ನಾದರೂ ನೋಡಲೇಬೇಕು. ಭಾನುವಾರ ಬೆಳಿಗ್ಗೆ ದಾವಣಗೆರೆಯ ಯಾವ ಒಳ್ಳೆ ಹೋಟೆಲಿಗೆ ಹೋದರೂ ಕೂರಲು ಜಾಗ ಸಿಗುವುದಿಲ್ಲ. ಹೆಂಡತಿ ಮಕ್ಕಳು ನೆರಳು ಹುಡುಕಿಕೊಂಡರು. ನಾನು ಭಾವಮೈದುನನ ಹೊಸ ಕಾರಿನ ಮುಂದೆ ನಿಂತೆ. ಬಿಳೀ ಕಾರು. ಪೂಜೆಗೆ ಕಟ್ಟಿದ ಚೆಂಡುಹೂವಿನ ಹಾರ ಇನ್ನೂ ಪೂರ್ತಿ ಒಣಗಿರಲಿಲ್ಲ. ಬಾನೆಟ್ಟಿಗೂ ಮಡ್‌ಗಾರ್ಡಿಗೂ ನಡುವೆ ಒಂದು ಸಂದಿ ಇರುತ್ತದಲ್ಲ, ಅದು ಎಡಗಡೆ ಉಗುರು ಹೋಗದಷ್ಟು ಬಿಗಿ. ಬಲಗಡೆ ಕಿರುಬೆರಳಿನ ತುದಿ ಆರಾಮಾಗಿ ಇಳಿಯಿತು. ಅದಾದರೂ ಒಂದೇ ಸಮ ಇದೆಯಾ ಅಂದರೆ ಅದೂ ಇಲ್ಲ. ಹೆಡ್‌ಲೈಟ್ ಹತ್ತಿರ ಅಗಲ, ಗಾಜಿನ ಕಡೆಗೆ ಹೋಗ್ತಾ ಹೋಗ್ತಾ ಸಣ್ಣ.

ಅಲ್ಲಿಗೆ ನನ್ನ ದೋಸೆ ಕೆಟ್ಟಿತು.

"ಹೆಂಗೈತಿ ಭಾವ ಗಾಡಿ?" ಅಂತ ಬಂದ ಮಹಾರಾಯ. "ಚೆನ್ನಾಗಿದೆಯಪ್ಪ. ಆದ್ರೆ ಈ ಕಡೆ ಸಂದಿ ನೋಡು" ಅಂದೆ. ಬಗ್ಗಿ ನೋಡಿದ. "ಸಂದಿ ಇಲ್ದಿದ್ರೆ ಬಾನೆಟ್ ತೆಗಿಯಾದು ಹೆಂಗೆ?" ಅಂದ. ಇಂಥ ಮಾತಿಗೆ ಉತ್ತರ ಕೊಡಬಾರದು. ಟೋಕನ್ ನಂಬರ್ ಕೂಗಿದರು, ಒಳಗೆ ಹೋದೆವು.

ನಮ್ಮ ಜನಕ್ಕೆ ಕಾರು ಅಂದರೆ ಮೈಲೇಜು. ಆಮೇಲೆ ಆನ್‌ರೋಡ್ ಬೆಲೆ. ಈಗ ಹೊಸದಾಗಿ ಸನ್‌ರೂಫು. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ತಲೆಯ ಮೇಲೆ ಕಿಟಕಿ ಯಾರಿಗೆ ಬೇಕೋ ಗೊತ್ತಿಲ್ಲ. ಹತ್ತು ಹದಿನೈದು ಲಕ್ಷ ಸುರಿದು ತಂದ ವಸ್ತುವಿನ ಎರಡು ತಗಡು ಸರಿಯಾಗಿ ಕೂತಿವೆಯಾ ಅಂತ ಮಾತ್ರ ಒಬ್ಬರೂ ನೋಡುವುದಿಲ್ಲ. ನೂರು ರೂಪಾಯಿ ಸ್ಟೀಲ್ ಡಬ್ಬಿ ಕೊಳ್ಳುವಾಗ ಮುಚ್ಚಳ ಕೂರುತ್ತಾ ಅಂತ ನಾಲ್ಕು ಸಲ ಹಾಕಿ ತೆಗೆದು ನೋಡುತ್ತಾರೆ. ಅದರಲ್ಲೂ ಬಿಳೀ ಕಾರು. ಕಪ್ಪು ಕಾರು ತನ್ನ ಸಂದಿಗಳನ್ನು ತಾನೇ ನುಂಗಿಕೊಳ್ಳುತ್ತದೆ. ಬಿಳಿಯ ಮೇಲೆ ಒಂದೊಂದು ಸಂದಿಯೂ ಇಂಡಿಯಾ ಇಂಕಿನಲ್ಲಿ ಎಳೆದ ಗೆರೆ. ದೇಶದಲ್ಲಿ ಎಲ್ಲಕ್ಕಿಂತ ಜಾಸ್ತಿ ಮಾರಾಟವಾಗುವುದೂ ಅದೇ ಬಣ್ಣ.

ಈ ಚಟ ನನಗೊಬ್ಬನಿಗೇ ಅಂದುಕೊಳ್ಳಬೇಡಿ. ಫೋಕ್ಸ್‌ವ್ಯಾಗನ್ ಕಂಪನಿಯನ್ನು 1993ರಿಂದ 2002ರ ತನಕ ನಡೆಸಿದ ಫರ್ಡಿನಾಂಡ್ ಪಿಯೆಕ್‌ಗೂ ಇತ್ತು. ಆ ಕಂಪನಿಯ ಗಾಲ್ಫ್ ಅನ್ನುವ ಹೊಸ ಕಾರಿನ ಸಂದಿಗಳು ಅಷ್ಟು ಸಣ್ಣ, ಅಷ್ಟು ಸಮ ಹೇಗೆ ಬಂದವು ಅಂತ ಅಮೆರಿಕದ ಕಾರು ಕಂಪನಿಗಳಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಬಾಬ್ ಲುಟ್ಜ್ ಒಮ್ಮೆ ಊಟದ ಹೊತ್ತಿನಲ್ಲಿ ಕೇಳಿದರಂತೆ. ಪಿಯೆಕ್ ಉತ್ತರ ಸರಳ. ಎಂಜಿನಿಯರುಗಳನ್ನೆಲ್ಲ ಒಂದು ಕೋಣೆಗೆ ಕರೆಸಿದೆ, ಆರು ವಾರ ಟೈಮ್ ಕೊಟ್ಟೆ, ಆಗದಿದ್ದರೆ ಎಲ್ಲರೂ ಮನೆಗೆ ಅಂದೆ. ಇಂಥ ಹೆದರಿಕೆಯ ಆಡಳಿತ ಒಳ್ಳೆಯದಲ್ಲ ಅಂತಲೂ ಲುಟ್ಜ್ ಬರೆದರು. ಇರಬಹುದು. ಆದರೆ ಬಲಗಡೆ ಬಾನೆಟ್ ನೆನೆಸಿಕೊಂಡಾಗೆಲ್ಲ ನನ್ನ ಮನಸ್ಸು ಪಿಯೆಕ್ ಕಡೆಗೇ ವಾಲುತ್ತದೆ.

1990ರ ದಶಕದ ಶುರುವಿನಲ್ಲಿ ಜಪಾನಿನ ದುಬಾರಿ ಕಾರಿನ ಕಂಪನಿ ಲೆಕ್ಸಸ್‌ನವರು ಒಂದು ಜಾಹೀರಾತು ಮಾಡಿದ್ದರು. ಸಣ್ಣ ಉಕ್ಕಿನ ಗುಂಡೊಂದು ಕಾರಿನ ಮೈಮೇಲಿನ ಸಂದಿಯಲ್ಲೇ ಉರುಳಿಕೊಂಡು ಹೋಗುತ್ತದೆ. ಎಲ್ಲೂ ತಪ್ಪುವುದಿಲ್ಲ, ಬೀಳುವುದಿಲ್ಲ. ನಮ್ಮ ಭಾವಮೈದುನನ ಕಾರಿನ ಬಲಗಡೆಗೆ ಆ ಗುಂಡು ಬಿಟ್ಟರೆ ಒಳಗೆ ಬಿದ್ದು ಹರಿಹರದಲ್ಲಿ ಸಿಗಬೇಕು.

ಹಳೇ ಅಂಬಾಸಡರ್ ಕಾರಿನಲ್ಲಿ ಸಂದಿ ಇರಲಿಲ್ಲವಾ ಅಂತ ಕೇಳುವವರಿದ್ದಾರೆ. ಇದ್ದವು, ಧಾರಾಳವಾಗಿ ಇದ್ದವು. ಡೋರ್ ಮುಚ್ಚಿದ ಮೇಲೂ ಒಳಗೆ ಗಾಳಿ ಆಡುತ್ತಿತ್ತು. ಆದರೆ ಅದು ಕಾಣಿಸುತ್ತಿರಲಿಲ್ಲ. ಮೈಯೆಲ್ಲ ಗುಂಡಗುಂಡಗೆ. ಪಕ್ಕದಲ್ಲಿ ಹಿಡಿದು ನೋಡಲು ಒಂದು ನೇರ ಗೆರೆ ಇದ್ದರೆ ತಾನೇ ಸೊಟ್ಟ ಗೊತ್ತಾಗುವುದು? 2014ರಲ್ಲಿ ಆ ಕಾರು ನಿಂತೇಹೋಯಿತು. ಈಗಿನ ಕಾರುಗಳ ಕಥೆಯೇ ಬೇರೆ. ಹೆಡ್‌ಲೈಟಿನಿಂದ ಹೊರಟ ಒಂದು ಚೂಪು ಗೆರೆ ಮಡ್‌ಗಾರ್ಡ್ ದಾಟಿ, ಮುಂದಿನ ಡೋರ್ ದಾಟಿ, ಹಿಂದಿನ ಡೋರ್ ದಾಟಿ, ಹಿಂದಿನ ಲೈಟಿಗೆ ಹೋಗಿ ಮುಟ್ಟಬೇಕು. ಆ ಗೆರೆ ಬರೀ ಚಂದಕ್ಕಲ್ಲ. ಒಂದು ಮಿಲಿಮೀಟರ್ ಕೂಡ ದಪ್ಪ ಇಲ್ಲದ ತಗಡಿಗೆ ಅಂಥ ಒಂದು ಮಡಿಕೆ ಕೊಟ್ಟರೆ ಬಿಗಿ ಬರುತ್ತದೆ. ಆದರೆ ಎರಡು ಡೋರುಗಳ ನಡುವೆ ಅದು ಕೂದಲೆಳೆಯಷ್ಟು ಮೇಲೆ ಕೆಳಗೆ ಆದರೂ ಮುಗಿಯಿತು, ಗೆರೆ ಮುರಿಯಿತು.

ಇದನ್ನು ನನಗೆ ಕಲಿಸಿದ್ದು ಕಾರಿನವರಲ್ಲ, ಚೌಕೀಪೇಟೆಯ ಒಬ್ಬ ಟೇಲರ್ ಮಾಸ್ಟರು.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ಬಟ್ಟೆಯ ಬಗ್ಗೆ ಮಾತಾಡುವ ಹಕ್ಕು ಊರಲ್ಲಿ ಎಲ್ಲರಿಗೂ ಇತ್ತು. ಮಾಸ್ಟರಿಗೆ ಸ್ವಲ್ಪ ಜಾಸ್ತಿಯೇ ಇತ್ತು. ಚೌಕಳಿ ಬಟ್ಟೆ ತಂದರೆ ಮೊದಲು ಅಳತೆ ಪಟ್ಟಿ ಹಿಡಿದು ಬಟ್ಟೆ ಅಳೆಯುತ್ತಿದ್ದರು, ನಮ್ಮನ್ನಲ್ಲ. ಕಾಲು ಮೀಟರ್ ಜಾಸ್ತಿ ಇಲ್ಲದಿದ್ದರೆ ಬಟ್ಟೆ ಮಡಚಿ ವಾಪಸ್. ಯಾಕೆಂದರೆ ಜೇಬಿನ ಮೇಲಿನ ಗೆರೆ ಎದೆಯ ಮೇಲಿನ ಗೆರೆಗೆ ಕೂಡಬೇಕು. ಅಡ್ಡಗೆರೆಯೂ ಕೂಡಬೇಕು, ಉದ್ದಗೆರೆಯೂ ಕೂಡಬೇಕು. ಗುಂಡಿ ಹಾಕಿದರೆ ಎಡದ ಚೌಕ ಬಲದ ಚೌಕಕ್ಕೆ ಸೇರಬೇಕು. ಅವರು ಹೊಲಿದ ಶರ್ಟಿನಲ್ಲಿ ಜೇಬು ಎಲ್ಲಿದೆ ಅಂತ ಕೈಯಲ್ಲಿ ತಡವಿ ಹುಡುಕಬೇಕಿತ್ತು.

ನಮ್ಮ ದೊಡ್ಡಪ್ಪ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿಯ ಲೆಕ್ಕ ಬರೆಯುತ್ತಿದ್ದರು. ಜೇಬಿನಲ್ಲಿ ಯಾವಾಗಲೂ ಮೂರು ಪೆನ್ನು. ನೀಲಿ, ಕೆಂಪು, ಇನ್ನೊಂದು ಯಾರಾದರೂ ಕೇಳಿದರೆ ಕೊಡಲು, ಬರೆಯದ್ದು. ಅಷ್ಟು ಲೆಕ್ಕದ ಮನುಷ್ಯ. ಮಗಳ ಮದುವೆಗೆ ಅಂತ ಚೌಕಳಿ ಬಟ್ಟೆ ತಂದರು, ಆ ಕಾಲು ಮೀಟರಿನ ದುಡ್ಡು ಉಳಿಸಿಯೇ ತಂದರು. ಮಾಸ್ಟರು ಆಗಲ್ಲ ಅಂದರು. ದೊಡ್ಡಪ್ಪ ಬಿಡಲಿಲ್ಲ. ಹಳೇ ಪರಿಚಯ, ಮದುವೆ ಮನೆ ಕೆಲಸ, ಹಾಗೆ ಹೀಗೆ ಅಂತ ಕೂತರು. "ಹೆಂಗಾರ ಮಾಡಿ ಹೊಲಿರಿ, ಗೆರೆ ಯಾರ್ ನೋಡ್ತಾರೆ" ಅಂದುಬಿಟ್ಟರು. ಆ ಕೊನೇ ಮಾತು ಹೇಳಬಾರದಿತ್ತು. ಮಾಸ್ಟರು ತುಟಿ ಪಿಟಕ್ ಅನ್ನದೆ ಬಟ್ಟೆ ತೆಗೆದುಕೊಂಡರು.

ಮದುವೆಯ ಹಿಂದಿನ ಸಂಜೆ ಶರ್ಟ್ ಬಂತು. ಭುಜದ ಗೆರೆ ಕೂಡಿತ್ತು. ಕಾಲರ್ ಕೂಡಿತ್ತು. ಗುಂಡಿಪಟ್ಟಿ ಕೂಡಿತ್ತು. ಜೇಬೇ ಇರಲಿಲ್ಲ. ದೊಡ್ಡಪ್ಪ ಹೌಹಾರಿ ಅಂಗಡಿಗೆ ಓಡಿದರು, ಹಿಂದೆ ನಾನು. "ಗೆರೆ ತಪ್ಪಿದ ಜೇಬಿಗಿಂತ ಜೇಬಿಲ್ಲದ ಶರ್ಟೇ ವಾಸಿ ಅಲ್ವಾ ಸ್ವಾಮಿ" ಅಂದರು ಮಾಸ್ಟರು, ಮಿಷನ್ನಿನಿಂದ ತಲೆ ಎತ್ತದೆ. ಉಳಿದ ತುಂಡುಗಳನ್ನೂ ಒಂದು ಕವರಿನಲ್ಲಿ ಹಾಕಿ ಕೊಟ್ಟಿದ್ದರು, ನೋಡಿ, ನಾನು ಕದ್ದಿಲ್ಲ ಅನ್ನುವ ಹಾಗೆ. ಮದುವೆಯ ದಿನ ದೊಡ್ಡಪ್ಪ ಮೂರು ಪೆನ್ನು ಕೈಯಲ್ಲಿ ಹಿಡಿದೇ ಓಡಾಡಿದರು. ಮುಯ್ಯಿ ಬರೆಯುವವನಿಗೆ ಒಂದು ಕೊಟ್ಟರು, ಅದು ಬರೆಯದ ಪೆನ್ನು. ಅಲ್ಲೊಂದು ಜಗಳ. ಧಾರೆಯ ಫೋಟೋದಲ್ಲೂ ಕೆಂಪು ಪೆನ್ನು ಕಾಣುತ್ತದೆ. ನೋಡಿದವರು ಅದೇನೋ ಶಾಸ್ತ್ರ ಅಂದುಕೊಳ್ಳುತ್ತಾರೆ.

ಕೆಲವು ಟೇಲರುಗಳು ಇನ್ನೊಂದು ಉಪಾಯ ಮಾಡುತ್ತಾರೆ. ಗೆರೆ ಕೂಡಿಸಲು ಬಟ್ಟೆ ಸಾಲದಿದ್ದರೆ ಜೇಬನ್ನು ಬೇಕಂತಲೇ ಓರೆಯಾಗಿ ಕತ್ತರಿಸುತ್ತಾರೆ. ಚೌಕಳಿ ವಜ್ರದಾಕಾರ ಆಗುತ್ತದೆ, ಫ್ಯಾಷನ್ ಅಂತ ನಡೆದುಹೋಗುತ್ತದೆ. ನಮ್ಮ ಮಾಸ್ಟರು ಅದನ್ನು ಕಳ್ಳತನ ಅನ್ನುತ್ತಿದ್ದರು. ಕಾರಿನವರು ಮಾಡುತ್ತಿರುವುದೂ ಅದೇ. ಕಾರಿನ ಚಾವಣಿ ಮತ್ತು ಪಕ್ಕದ ತಗಡು ಸೇರುವ ಕಡೆ ಉದ್ದಕ್ಕೂ ಕಪ್ಪು ರಬ್ಬರ್ ಪಟ್ಟಿ ಇರುತ್ತದಲ್ಲ, ಅದರ ಕೆಳಗೆ ವೆಲ್ಡಿಂಗ್ ಮಾಡಿದ ಜಾಯಿಂಟ್ ಇದೆ. ಹಿಂದಿನ ಕಿಟಕಿಯ ಪಕ್ಕ ಒಂದು ಕಪ್ಪು ಪ್ಲಾಸ್ಟಿಕ್ ತುಂಡು ಅಂಟಿಸಿ ಚಾವಣಿ ಗಾಳಿಯಲ್ಲಿ ತೇಲುತ್ತಿದೆ ಅನ್ನುತ್ತಾರೆ. 2018ರ ಮಾರುತಿ ಸ್ವಿಫ್ಟಿನಲ್ಲಿ ಹಿಂದಿನ ಡೋರಿನ ಹಿಡಿಯನ್ನೇ ಅಲ್ಲಿ ಬಚ್ಚಿಟ್ಟರು. ಎರಡೇ ಡೋರಿನ ಕಾರಿನಂತೆ ಕಾಣಲಿ ಅಂತ. ನನ್ನ ಅತ್ತೆ ಆ ಹಿಡಿ ಸಿಗದೆ ಬಸ್‌ಸ್ಟ್ಯಾಂಡಿನ ಮುಂದೆ ಡೋರಿನ ಮೈಯೆಲ್ಲ ತಡವಿದ್ದಾರೆ. ಮುಂದಿನ ಮಾಡೆಲ್ಲಿನಲ್ಲಿ ಹಿಡಿ ಮತ್ತೆ ಡೋರಿನ ಮೇಲೆ, ಇರಬೇಕಾದ ಜಾಗಕ್ಕೆ ಬಂತು.

ಚೊಕ್ಕ ಕೆಲಸಗಾರರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಒಳ್ಳೆಯ ಡಿಸೈನರ್ ಬಾನೆಟ್ಟಿನ ಸಂದಿಯನ್ನು ಒಂದು ಮಡಿಕೆಯ ನೆರಳಲ್ಲೇ ಕೂರಿಸುತ್ತಾನೆ. ಸಂದಿ ಎಷ್ಟು ಅಗಲ ಅನ್ನುವುದಕ್ಕಿಂತ ತಗಡಿನ ಅಂಚು ಎಷ್ಟು ಚೂಪಾಗಿ ಮಡಚಿದೆ ಅನ್ನುವುದೂ ಮುಖ್ಯ. ಅಂಚು ಗುಂಡಗಾದರೆ ನಾಲ್ಕು ಮಿಲಿಮೀಟರಿನ ಸಂದಿಯೂ ಆರರ ಥರ ಕಾಣುತ್ತದೆ. ಹಿಂದಿನ ಡೋರನ್ನು ಮುಂದಿನದಕ್ಕಿಂತ ಒಂದು ಚೂರು ಒಳಗೆ ಕೂರಿಸುತ್ತಾರೆ. ಅಂಚಿಗೆ ಗಾಳಿ ಬಡಿದು ಸಿಳ್ಳೆ ಹೊಡೆಯದಿರಲಿ ಅಂತ. ಬೆರಳು ಮುಂದಿನಿಂದ ಹಿಂದಕ್ಕೆ ಎಳೆದರೆ ನಯ, ಹಿಂದಿನಿಂದ ಮುಂದಕ್ಕೆ ಎಳೆದರೆ ತಡೆಯುತ್ತದೆ. ಇಷ್ಟು ತಲೆ ಓಡಿಸುವವರು ಬಲಗಡೆ ಬಾನೆಟ್ಟಿಗೆ ಬಂದಾಗ ಮಾತ್ರ ಊಟಕ್ಕೆ ಎದ್ದುಹೋಗಿರುತ್ತಾರೆ.

ಇಲ್ಲಿ ಚಿತ್ರದುರ್ಗದ ಕೋಟೆ ಎಳೆದು ತರಲು ಕೈ ತುರಿಸುತ್ತಿದೆ. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ್ದಾರೆ, ಕಾಗದ ತೂರುವುದಿಲ್ಲ ಇತ್ಯಾದಿ. ಬೇಡ. ನಮ್ಮ ಕಡೆ ಎಲ್ಲ ಮಾತೂ ಕೊನೆಗೆ ಆ ಕೋಟೆಗೇ ಹೋಗಿ ನಿಲ್ಲುತ್ತದೆ. ಅಲ್ಲದೆ ಕೋಟೆಯ ಕಲ್ಲನ್ನು ಯಾರೂ ಬಾನೆಟ್ಟಿನ ಥರ ತೆಗೆದು ಹಾಕಬೇಕಾಗಿಲ್ಲ.

ಭಾವಮೈದುನನಿಗೆ ನನ್ನ ಮಾತು ಎಲ್ಲೋ ಕೊರೆದಿರಬೇಕು. ಶೋರೂಮಿಗೆ ಒಯ್ದ. "ಎಲ್ಲ ಲಿಮಿಟ್ ಒಳಗೇ ಇದೆ ಸಾರ್" ಅಂದು ಕಳಿಸಿದರು. ಅವನು ಸುಮ್ನೆ ಮನೆಗೆ ಬರಬೇಕಿತ್ತು. ಪಿಬಿ ರಸ್ತೆಯ ಆಕ್ಸೆಸರಿ ಅಂಗಡಿಗೆ ಹೋದ. ಕಿಟಕಿ ಸುತ್ತ ಕ್ರೋಮ್ ಪಟ್ಟಿ, ಡೋರ್ ಹಿಡಿಗಳಿಗೆ ಕ್ರೋಮ್ ಕವರ್, ಡೋರಿನ ಅಂಚುಗಳಿಗೆ ಕಪ್ಪು ರಬ್ಬರ್ ಬೀಡಿಂಗ್, ಹಿಂದಿನ ಗಾಜಿಗೆ ಮನೆದೇವರು. ಕಂಪನಿಯವರು ಲಕ್ಷಗಟ್ಟಲೆ ಗಂಟೆ ಕೂತು ಎಳೆದ ಗೆರೆಗಳೆಲ್ಲ ಮುಚ್ಚಿಹೋದವು. ಹೆಂಡತಿಯ ತಮ್ಮ, ಬೈಯುವ ಹಾಗಿಲ್ಲ. ಬೀಡಿಂಗ್ ಕೂಡ ಸೊಟ್ಟ ಅಂಟಿಸಿದ್ದರು ಅಂತ ಮಾತ್ರ ಇಲ್ಲಿ ಬರೆದಿಡುತ್ತೇನೆ.

ಆದರೆ ಊರಲ್ಲಿ ಸಂದಿ ನೋಡುವವರು ಒಂದು ಜಾತಿ ಇದ್ದಾರೆ. ಸೆಕೆಂಡ್ ಹ್ಯಾಂಡ್ ಕಾರಿನ ಬ್ರೋಕರುಗಳು. ಮೊನ್ನೆ ನೆಂಟರ ಗೃಹಪ್ರವೇಶದಲ್ಲಿ ಅಂಥವರೊಬ್ಬರು ಊಟ ಮುಗಿಸಿ ಕಾರಿನ ಹತ್ತಿರ ಬಂದರು. ಮೈಲೇಜ್ ಕೇಳಲಿಲ್ಲ. ಕ್ರೋಮ್ ಕಡೆ ತಿರುಗಿಯೂ ನೋಡಲಿಲ್ಲ. ಎಲೆಅಡಿಕೆ ಕೈಯಲ್ಲೇ ಬಾನೆಟ್ಟಿನ ಎಡಕ್ಕೊಮ್ಮೆ ಉಗುರು ಎಳೆದರು, ಬಲಕ್ಕೊಮ್ಮೆ ಎಳೆದರು. ಬಾನೆಟ್ ತೆಗೆಸಿ, ಬಿಚ್ಚಿ ಹಾಕಿದ ಗುರುತಿದೆಯಾ ಅಂತ ಒಳಗಿನ ಬೋಲ್ಟಿನ ಪೇಂಟ್ ನೋಡಿದರು.

"ಯಾವಾಗ ಗುದ್ದಿಸಿದ್ದು?" ಅಂದರು.

"ಎಲ್ಲೂ ಗುದ್ದಿಲ್ರೀ, ಹೊಸಾ ಗಾಡಿ!" ಅಂತ ಇವನು ಕೂಗಾಡಿದ. ಅವರು ನಕ್ಕರು, ಎಷ್ಟು ಜನ ಮಾಲೀಕರ ಬಾಯಲ್ಲಿ ಈ ಮಾತು ಕೇಳಿದ್ದರೋ ಏನೋ. ಮಾರುವಾಗ ಹೇಳಿ, ಆದರೆ ಮುಂದುಗಡೆ ಕೆಲಸ ಆಗಿರೋ ರೇಟೇ ಬರೋದು ಅಂತ ಹೇಳಿ ಕಾರ್ಡ್ ಕೊಟ್ಟು ಹೋದರು.

ಅವತ್ತಿನಿಂದ ಭಾವಮೈದುನ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಆ ಬ್ರೋಕರಿಗೆ ನಾನೇ ಹೇಳಿಕೊಟ್ಟಿದ್ದೇನೆ ಅಂತ ಅಕ್ಕನ ಹತ್ತಿರ ದೂರಿದ್ದಾನೆ. ಅವಳೂ ನಂಬಿದ್ದಾಳೆ.