‘ಅವಳು’ ಅನ್ನುವ ಹೆಸರಿನ ಪತ್ರಿಕೆ

ಫ್ಯಾಷನ್ ಪತ್ರಿಕೆ ಅಂದರೆ ಸಲೂನಿನಲ್ಲಿ ಸರದಿ ಕಾಯುವಾಗ ಸುಮ್ನೆ ಪುಟ ತಿರುವುವ ಸರಕು ಅಂತ ಮೂಗು ಮುರಿಯುವವರು ಜಾಸ್ತಿ. ಇಟಲಿಯ ಸರ್ವಾಧಿಕಾರಿ ಮುಸೊಲಿನಿಗೆ ಮಾತ್ರ ಹಾಗೆ ಅನ್ನಿಸಿರಲಿಲ್ಲ.

1933ರಲ್ಲಿ ಮಿಲಾನ್‌ನಲ್ಲಿ ಒಂದು ಮಹಿಳಾ ವಾರಪತ್ರಿಕೆ ಶುರುವಾಯಿತು. ಪ್ರಕಾಶಕ ಆಂಜೆಲೊ ರಿಜ್ಜೋಲಿ, ಅನಾಥಾಶ್ರಮದಲ್ಲಿ ಬೆಳೆದು, ಪ್ರೆಸ್ಸಿನ ಕೆಲಸ ಕಲಿತು ಮೇಲೆ ಬಂದವರು. ಪತ್ರಿಕೆಗೆ ಇಟ್ಟ ಹೆಸರು ‘ಲೇಯಿ’. ಅಂದರೆ ‘ಅವಳು’. ಇದರಲ್ಲಿ ಯಾರಿಗೆ ಏನು ತೊಂದರೆ, ಅಲ್ವಾ?

ತೊಂದರೆ ಬಂದದ್ದು 1938ರಲ್ಲಿ, ವ್ಯಾಕರಣದಿಂದ. ಇಟಾಲಿಯನ್‌ನಲ್ಲಿ ಎದುರಿಗಿದ್ದವರಿಗೆ ಮರ್ಯಾದೆ ಕೊಡುವಾಗಲೂ ‘ಲೇಯಿ’ ಅನ್ನುತ್ತಾರೆ, ಗಂಡಸಾದರೂ ಸರಿ. ಇದು ಸ್ಪೇನ್‌ನಿಂದ ಬಂದ ಗುಲಾಮಗಿರಿಯ ಮಾತು ಅಂತ ಮುಸೊಲಿನಿಯ ಫ್ಯಾಸಿಸ್ಟರು ತೀರ್ಮಾನಿಸಿದರು. ಇನ್ನು ಮೇಲೆ ‘ವೋಯಿ’ ಅನ್ನಿ ಅಂತ ಅಪ್ಪಣೆಯಾಯಿತು. ವೋಯಿ ಹೆಚ್ಚುಕಮ್ಮಿ ನಮ್ಮ ‘ನೀವು’ ಇದ್ದ ಹಾಗೆ. ಪದದಲ್ಲಿ ತಪ್ಪಿಲ್ಲ. ಆದರೆ ನಮ್ಮ ಮನೆಯಲ್ಲಿ ಅಪ್ಪನಿಗೆ ‘ನೀನು’, ಚಿಕ್ಕಪ್ಪನಿಗೆ ‘ನೀವು’. ಯಾಕೆ ಅಂತ ಯಾರೂ ಕೇಳಿಲ್ಲ. ನಾಳೆ ಇದಕ್ಕೊಂದು ಸರ್ಕಾರಿ ಸುತ್ತೋಲೆ ಬಂದರೆ?

ಪತ್ರಿಕೆಯ ‘ಲೇಯಿ’ ಮರ್ಯಾದೆಯ ಲೇಯಿ ಅಲ್ಲವೇ ಅಲ್ಲ, ಬರೀ ಹೆಣ್ಣು. ಆದರೂ ಬಿಡಲಿಲ್ಲ. ಹೆಸರು ‘ಅನ್ನಾಬೆಲ್ಲಾ’ ಆಯಿತು. ಹಾಗಾದರೆ ವಿಜ್ಞಾನಿ ಗೆಲಿಲಿಯೊ ಗಲಿಲೇಯಿಯನ್ನೂ ಗಲಿವೋಯಿ ಅನ್ನಬೇಕಾ ಅಂತ ಇಟಲಿಯಲ್ಲೊಂದು ಜೋಕ್ ಇದೆ.

ನನಗೆ ಹೆಚ್ಚು ಹಿಡಿಸುವುದು ಯುದ್ಧ ಮುಗಿದ ಮೇಲಿನ ಅನ್ನಾಬೆಲ್ಲಾ. ಕೋಟು, ಸ್ಕರ್ಟುಗಳ ನಡುವೆಯೇ ಬ್ರುನೆಲ್ಲಾ ಗ್ಯಾಸ್ಪೆರಿನಿ ಅವರ ಅಂಕಣ ಬರುತ್ತಿತ್ತು, ‘ಬ್ರುನೆಲ್ಲಾಗೆ ಹೇಳಿ’ ಅಂತ. ಓದುಗರ ಕಾಗದಗಳಿಗೆ ಉತ್ತರ. ಆಗಿನ ಇಟಲಿ ಹೇಗಿತ್ತು ಗೊತ್ತಾ? 1970ರ ತನಕ ವಿಚ್ಛೇದನದ ಕಾನೂನೇ ಇಲ್ಲ. 1968ರ ತನಕ ಹೆಂಡತಿಗೆ ಪರಪುರುಷನ ಸಂಬಂಧ ಇದ್ದರೆ ಅದು ಅಪರಾಧ, ಗಂಡನಿಗೆ ಅದೇ ನಿಯಮ ಇಲ್ಲ. ಗರ್ಭನಿರೋಧಕಗಳ ಪ್ರಚಾರ ಮಾಡುವುದು 1971ರ ತನಕ ಶಿಕ್ಷಾರ್ಹ. ಅಂಥ ಕಾಲದಲ್ಲಿ ಗೃಹಿಣಿಯರು ಮನೆಯಲ್ಲಿ ಬಾಯಿ ಬಿಡಲಾಗದ್ದನ್ನು ಈ ಅಂಕಣಕ್ಕೆ ಬರೆದರು. 1979ರಲ್ಲಿ ತೀರಿಕೊಳ್ಳುವ ತನಕ ಗ್ಯಾಸ್ಪೆರಿನಿ ಬರೆಯುತ್ತಲೇ ಇದ್ದರು.

ನನ್ನ ಅಮ್ಮನೂ ವಾರಪತ್ರಿಕೆಯನ್ನು ಹಿಂದಿನಿಂದಲೇ ತೆರೆಯುತ್ತಿದ್ದಳು. ಮೊದಲು ಓದುವುದು ಸಮಸ್ಯೆ-ಪರಿಹಾರದ ಪುಟ. ಅಡುಗೆಮನೆಯ ಕಟ್ಟೆಗೆ ಒರಗಿ, ಕುಕ್ಕರ್ ಕೂಗಿದರೂ ಕಿವಿಗೊಡದೆ. ನಾನು ಒಳಗೆ ಬಂದರೆ ಪಟ್ಟನೆ ಪುಟ ಮಗುಚಿ ಕಸೂತಿಯ ಚಿತ್ರ ನೋಡುವ ಹಾಗೆ ನಟನೆ. ಅದಕ್ಕೇ ಇಂಥ ಪತ್ರಿಕೆಗಳನ್ನು ‘ಹೆಂಗಸರ ಕಾಲಹರಣ’ ಅಂದರೆ ನನಗೆ ರೇಗುತ್ತದೆ.

ಮುಂದೆ ಅನ್ನಾಬೆಲ್ಲಾ ಬರೀ ‘ಅನ್ನಾ’ ಆಯಿತು. 2006ರಲ್ಲಿ ಅದೂ ಸವೆದು ‘ಎ’ ಅನ್ನುವ ಒಂದೇ ಅಕ್ಷರ ಉಳಿಯಿತು. 2013ರಲ್ಲಿ ನಿಂತಿತು. ‘ಲೇಯಿ’ ಅನ್ನುವ ಹೆಸರು ಮಾತ್ರ ಅದಕ್ಕೂ ಎಷ್ಟೋ ಮೊದಲೇ ಬೇರೊಂದು ಕಂಪನಿಯ ಪತ್ರಿಕೆಯ ಮುಖಪುಟಕ್ಕೆ ವಾಪಸ್ ಬಂದಿತ್ತು. ಮುಂದೆ ಫ್ಯಾಷನ್ ಪತ್ರಿಕೆ ವೋಗ್ ಇಟಾಲಿಯಾ ನಡೆಸಿ ಹೆಸರಾದ ಫ್ರಾಂಕಾ ಸೊಜ್ಜಾನಿ 1980ರಲ್ಲಿ ಅದರ ಚುಕ್ಕಾಣಿ ಹಿಡಿದರು. ಆಮೇಲೆ ಅದಕ್ಕೊಬ್ಬ ತಮ್ಮನೂ ಹುಟ್ಟಿದ, ‘ಪೆರ್ ಲುಯಿ’ ಅಂತ. ಅಂದರೆ ‘ಅವನಿಗೆ’.