ಕೊಂಡಿ ಕಪ್ಪಗಿದ್ರೆ ಏಡಿ ಕೆಟ್ಟದ್ದು ಅಂತಲ್ಲ

"ಉಪ್ಪುನೀರಿನ ಟ್ಯಾಂಕಲ್ಲಿ ಗೊತ್ತಿಲ್ದಿರೋ ಏಡಿ ಕಂಡ್ರೆ ಕೊಂಡಿ ತುದಿ ನೋಡಿ, ಕಪ್ಪಗಿದ್ರೆ ಮೀನು ತಿನ್ನತ್ತೆ, ತಕ್ಷಣ ಸಾಯ್ಸಿ" ಅಂತ ಒಂದು ಮೆಸೇಜ್ ಓಡಾಡ್ತಿದೆ. ಇದು ಅರ್ಧ ಸತ್ಯ ಅಷ್ಟೇ. ಲೈವ್ ರಾಕ್ (ಜೀವಿಗಳು ಅಂಟ್ಕೊಂಡಿರೋ ಸಮುದ್ರದ ಕಲ್ಲು) ಜೊತೆ ಕದ್ದು ಬರೋ ಕ್ಸ್ಯಾಂಥಿಡ್ ಅನ್ನೋ ಗುಂಪಿನ ಏಡಿಗಳಲ್ಲಿ ಸುಮಾರಕ್ಕೆ ಕಪ್ಪು ತುದಿ ಇರತ್ತೆ ನಿಜ, ಆದ್ರೆ ಆ ಗುಂಪಲ್ಲೇ ಪಾಚಿ ಮೇಯ್ಕೊಂಡು ತನ್ನ ಪಾಡಿಗಿರೋವೂ ಇವೆ, ಬರೀ ಬಣ್ಣ ನೋಡಿ ತೀರ್ಪು ಕೊಡೋಕಾಗಲ್ಲ.

ಕೊಂಡಿ ತುದಿ ಚಮಚದ ತರ ಗುಳಿ ಬಿದ್ದಿದ್ರೆ ಪಾಚಿ ಕೆರೆಯೋ ಜಾತಿ ಇರಬಹುದು, ಹಸಿರು ಎಮರಾಲ್ಡ್ ಏಡಿದು ಹಂಗೇ ಇರತ್ತೆ, ಹಾಗಂತ ಅದೇನು ಸಾಧು ಅಲ್ಲ, ಹೊಟ್ಟೆಗೆ ಸಿಗ್ಲಿಲ್ಲ ಅಂದ್ರೆ ಹವಳಕ್ಕೂ ಕೈ ಹಾಕತ್ತೆ. ಚಪ್ಪಟೆ ಮೈ, ಉದ್ದ ಮೀಸೆ, ನಡೆಯೋ ಕಾಲು ಮೂರೇ ಜೊತೆ ಕಾಣ್ತಿದ್ರೆ ಪೋರ್ಸಲೀನ್ ಏಡಿ, ನೀರು ಸೋಸಿ ತಿನ್ನತ್ತೆ, ಬಿಟ್ಬಿಡಿ. ಪೊಸಿಲೊಪೊರಾ ಹವಳದ ಸಂದಿಲಿ ಕೂತಿರೋ ನುಣುಪು ಮೈಯ ಟ್ರಪೀಝಿಯಾ ಏಡಿನಂತೂ ಮುಟ್ಲೇಬೇಡಿ, ಸಮುದ್ರದಲ್ಲಿ ಹವಳ ತಿನ್ನೋಕೆ ಬರೋ ನಕ್ಷತ್ರಮೀನನ್ನ ಚಿವುಟಿ ಓಡ್ಸೋದೇ ಇದು.

ಏಡಿ ಹೊರಗೇ ಬರ್ತಿಲ್ವಾ? ಪೊರೆ ಬಿಟ್ಟಾಗ ಆ ಚಿಪ್ಪು ಎತ್ಕೊಂಡು ಕೊಂಡಿ ನೋಡಿ. ಅನುಮಾನ ಇದ್ರೆ ಏಡಿನ ಸಂಪ್‌ಗೆ (ಟ್ಯಾಂಕಿನ ನೀರು ಸೋಸೋ ಬೇರೆ ತೊಟ್ಟಿಗೆ) ಹಾಕಿ, ಸಾಯ್ಸೋ ಅರ್ಜೆಂಟ್ ಏನಿಲ್ಲ.